ಕಾತಳಭಿಂತದ ಟಪಾಲು

ಪುಣೆ,
2 ನವೆಂಬರ್ 1977

ಶ್ರೀ ಧೋಂಡಿಬಾ ಮರಗಳೆ ಅವರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ನಾನು ಪ್ರಮೋದಿನಿ ಪಾಟಣಕರ, ಪುಣೆಯಲ್ಲಿ ಟೆಲಿಫೋನ್ ಆಪರೇಟರ್. ನೀವು ಟಪಾಲು ಹೊರುವವರು, ನಾನು ತಂತಿ ಜೋಡಿಸುವವಳು. ಇಬ್ಬರೂ ಒಂದೇ ಇಲಾಖೆಯ ಉಪ್ಪು ತಿನ್ನುವವರು ಎಂಬ ಸಲುಗೆಯಲ್ಲಿ ಬರೆಯುತ್ತಿದ್ದೇನೆ. ಉಂಬರವಾಡಿಯ ಪೋಸ್ಟ್ ಮಾಸ್ತರು ಕದಮ್ ಗುರೂಜಿ ನಿಮ್ಮ ಹೆಸರು ಕೊಟ್ಟರು. ದೇವದರಾದಿಂದ ಉಂಬರವಾಡಿಗೆ ವಾಘಜಾಯಿ ಬೆಟ್ಟದ ನೆತ್ತಿಯುದ್ದಕ್ಕೂ ಹೋಗುವ ಏಣಿನ ಮೇಲೆ ವಾರಕ್ಕೆರಡು ಸಲ ಚೀಲ ಹೊತ್ತು ನಡೆಯುವ ರನ್ನರ್ ನೀವೇ ಅಂತೆ.

ನಾವು ಹನ್ನೆರಡು ಜನ ಹೆಂಗಸರು, ಎಲ್ಲರೂ ಆಪರೇಟರುಗಳೇ, ಆ ಏಣನ್ನು ಒಂದೇ ಹಗಲಿನಲ್ಲಿ ದಾಟಬೇಕೆಂದಿದ್ದೇವೆ. ಪಾಳಿ ಅದಲುಬದಲು ಮಾಡಿಕೊಂಡರೆ ಎರಡು ದಿನ ಒಟ್ಟಿಗೆ ರಜೆ ಸಿಗುತ್ತದೆ. ಮೊದಲ ದಿನ ದೇವದರಾ ತಲುಪುವುದು. ಎರಡನೆಯ ದಿನ ಏಣು ದಾಟಿ ಉಂಬರವಾಡಿಯಲ್ಲಿ ಐದೂಮುಕ್ಕಾಲರ ಕೊನೆಯ ಬಸ್ಸು ಹಿಡಿಯುವುದು. ಬಸ್ಸು ತಪ್ಪಿದರೆ ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಪುಣೆಯ ಅರ್ಧ ಊರಿಗೆ ಫೋನಿಲ್ಲ.

ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ನಾನು ಇಲ್ಲಿನ ಗಿರಿಮಂಡಳದಲ್ಲಿ ಹದಿನಾರು ವರ್ಷದಿಂದ ಸದಸ್ಯೆ. ಹದಿನಾರು ವರ್ಷವೂ ಗಂಡಸರ ಹಿಂದೆಯೇ ನಡೆದಿದ್ದೇನೆ. ಅವರ ಬೆನ್ನುಚೀಲಗಳ ತೇಪೆಗಳೆಲ್ಲ ನನಗೆ ಬಾಯಿಪಾಠ. ಚಾರಣದ ನಾಯಕರ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಕಾರ್ಯದರ್ಶಿ ಬರ್ವೆ ಹೇಳಿದರು: "ಪಾಟಣಕರ ಬಾಯಿ, ಪುಟ್ಟ ಗುಡ್ಡ ಯಾರು ಬೇಕಾದ್ರೂ ಹತ್ತಿಸ್ತಾರೆ. ವಾಘಜಾಯಿ ದಾಟಿಸಿ ತೋರ್ಸಿ, ಹೆಸರು ಸೇರಿಸ್ತೀನಿ." ಆ ಪಟ್ಟಿಗೆ ನನ್ನ ಹೆಸರು ಸೇರಲೇಬೇಕು. ಅದಕ್ಕೆ ನಿಮ್ಮ ನೆರವು ಬೇಕು. ಎಲ್ಲೆಲ್ಲಿ ನೀರಿದೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಕಷ್ಟ ಎಂದು ಬರೆಯುತ್ತೀರಾ?

ಪ್ರಮೋದಿನಿ ಪಾಟಣಕರ


ದೇವದರಾ,
13 ನವೆಂಬರ್ 1977

ಬಾಯಿಸಾಹೇಬರಿಗೆ ಧೋಂಡಿಬಾ ಬಿರೂ ಮರಗಳೆಯ ರಾಮರಾಮ.

ಕಾಗದ ಸಿಕ್ಕಿತು. ದಾರಿ ಹೀಗಿದೆ. ದೇವದರಾದ ಶಾಲೆಯಿಂದ ವಾಘಜಾಯಿ ಗುಡಿಗೆ ಏರು ಒಂದು ತಾಸು ಹತ್ತು ನಿಮಿಷ. ಹುಲ್ಲು ಒಣಗಿದ್ದರೆ ಜಾರುತ್ತದೆ, ಮಂಜು ಬಿದ್ದಿದ್ದರೆ ಇನ್ನೂ ಜಾರುತ್ತದೆ. ಗುಡಿಯ ಹಿಂದೆ ಮೂರು ಕಲ್ಲಿನ ತೊಟ್ಟಿ. ಒಂದನೆಯದರಲ್ಲಿ ಕಪ್ಪೆ. ಮೂರನೆಯದು ದನಕ್ಕೆ. ನಡುವಿನದು ಕುಡಿಯುವ ನೀರು, ಮಾಘದವರೆಗೆ ಇರುತ್ತದೆ. ಅಲ್ಲಿಂದ ಕುರಿ ಕಾಯುವ ಧನಗರರ ಎರಡು ಹಟ್ಟಿ, ಮೇಲಿನದು ಏಳು ಮನೆ, ಕೆಳಗಿನದು ನಾಲ್ಕು. ನಾಯಿಗಳಿವೆ, ಹೆಸರು ಹಿಡಿದು ಕರೆದರೆ ಸುಮ್ಮನಾಗುತ್ತವೆ. ಕರಿಯದು ಮೋತ್ಯಾ, ಕಿವಿ ಹರಿದದ್ದು ಸರದಾರ. ಹಟ್ಟಿಯಿಂದ ಹಿರಡಾ ಖಿಂಡಿಗೆ, ಎರಡು ಗುಡ್ಡದ ನಡುವಿನ ಸಂದಿಗೆ, ಎರಡು ತಾಸು. ಬೆಳಿಗ್ಗೆ ಐದೂವರೆಗೆ ಹೊರಟರೆ ಒಂಬತ್ತೂವರೆಗೆ ಖಿಂಡಿ.

ಖಿಂಡಿ ದಾಟಿದರೆ ಕಾತಳಭಿಂತ, ಬಂಡೆಯ ಗೋಡೆ. ಅದು ಕಿರಿದು. ಎರಡೂ ಕಡೆ ಕಣಿವೆ. ಅದಾದ ಮೇಲೆ ಉಂಬರವಾಡಿ.

ಬರಬೇಡಿ ಎಂದೇ ನನ್ನ ಮಾತು. ಎರಡು ವರ್ಷದ ಹಿಂದೆ ಶಹರದ ನಾಲ್ಕು ಗಂಡಸರು ರೇಡಿಯೋ ಹಚ್ಚಿಕೊಂಡು ಬಂದಿದ್ದರು. ಖಿಂಡಿಯಿಂದಲೇ ತಿರುಗಿ ಹೋದರು. ಒಂದು ಬೂಟು ಬಿಟ್ಟು ಹೋಗಿದ್ದಾರೆ, ನಮ್ಮ ಹಟ್ಟಿಯಲ್ಲಿ ಅದಕ್ಕೆ ಉಪ್ಪು ತುಂಬಿ ಇಟ್ಟಿದ್ದೇವೆ. ಬೆಟ್ಟ ನೋಡುವ ಆಸೆಯಿದ್ದರೆ ಉಂಬರವಾಡಿಗೆ ಬಸ್ಸಿನಲ್ಲಿ ಬಂದು ಕೆಳಗಿನಿಂದ ನೋಡಿ. ಚೆನ್ನಾಗಿ ಕಾಣುತ್ತದೆ.

ಧೋಂಡಿಬಾ


ಪುಣೆ,
22 ನವೆಂಬರ್ 1977

ಧೋಂಡಿಬಾ ಅವರಿಗೆ ನಮಸ್ಕಾರ.

ಮೊದಲ ಆರು ಮೈಲಿಯ ನಾಯಿಗಳ ಹೆಸರೂ ಬರೆದಿದ್ದೀರಿ, ಕಾತಳಭಿಂತಕ್ಕೆ ಒಂದೂವರೆ ಸಾಲು. ನಾನು ದಿನಕ್ಕೆ ಐದು ನೂರು ಜನರ ಮಾತು ಕೇಳುವವಳು, ಯಾರು ಎಲ್ಲಿ ಮಾತು ನುಂಗಿದರು ಎಂದು ತಿಳಿಯುತ್ತದೆ. ಕೆಳಗಿನಿಂದ ನೋಡಿ ಎಂದಿರಿ. ಹದಿನಾರು ವರ್ಷ ಕೆಳಗಿನಿಂದಲೇ ನೋಡಿದೆ, ಸಾಕು.

ಎಷ್ಟು ಅಗಲ? ಎಷ್ಟು ಉದ್ದ? ಕೈ ಊರಲು ಏನಿದೆ? ನೀರು? ನಿಮ್ಮ ಊರಿನ ಹೆಂಗಸರು ಯಾರಾದರೂ ಅಲ್ಲಿ ನಡೆದದ್ದುಂಟೇ? ನೀವು ಬೆನ್ನ ಮೇಲೆ ಚೀಲ ಹೊತ್ತು ವಾರಕ್ಕೆರಡು ಸಲ ಹೋಗಿ ಬರುವ ದಾರಿ, ನಾವು ಖಾಲಿ ಕೈಯಲ್ಲಿ ಒಂದು ಸಲ ದಾಟಲಾರೆವೇ? ನಿಮ್ಮಂಥವರು ಅಲ್ಲಿ ನಡೆಯುತ್ತಾರೆ ಎಂಬ ಧೈರ್ಯದ ಮೇಲೆಯೇ ನಾನು ಈ ಹಟ ಹಿಡಿದಿರುವುದು.

ಪ್ರಮೋದಿನಿ


ದೇವದರಾ,
4 ಡಿಸೆಂಬರ್ 1977

ಬಾಯಿಸಾಹೇಬರಿಗೆ ರಾಮರಾಮ.

ಕೇಳಿದ್ದೀರೆಂದು ಬರೆಯುತ್ತೇನೆ. ಕಾತಳಭಿಂತ ಅರ್ಧ ಮೈಲಿಗಿಂತ ತುಸು ಹೆಚ್ಚು. ದಾಟಲು ಎರಡು ತಾಸು, ಹೊಸಬರಿಗೆ ಮೂರು. ಅಲ್ಲಿಂದ ಉಂಬರವಾಡಿಗೆ ಇನ್ನೂ ಐದು ತಾಸು. ಅಗಲ ಕೆಲವು ಕಡೆ ಎತ್ತಿನ ಗಾಡಿ ಹೋಗುವಷ್ಟು, ಕೆಲವು ಕಡೆ ಒಂದೇ ಪಾದ. ದಾರಿ ನೆತ್ತಿಯ ಬಂಡೆಯ ಬಲಮಗ್ಗುಲಿನಲ್ಲಿ ಹೋಗುತ್ತದೆ, ಎಡಗೈ ಯಾವಾಗಲೂ ಬಂಡೆಗೆ ತಾಗಿರಬೇಕು. ಎಲ್ಲಿ ಕಲ್ಲು ನುಣುಪಾಗಿದೆಯೋ ಅಲ್ಲೇ ಕೈ ಇಡಿ, ಹೊಸ ಜಾಗ ಹುಡುಕಬೇಡಿ.

ಖಿಂಡಿಯಲ್ಲೇ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿಯಬೇಕು. ಮೂರನೆಯ ತಿರುವಿನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ, ಸೆರಗು ಮುಖಕ್ಕೆ ಬಂದರೆ ಕಣ್ಣು ಕಾಣುವುದಿಲ್ಲ. ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ ಮೇಲೊಂದು ಬಟ್ಟೆ ಸುತ್ತಿ. ಬಂಡೆಗೆ ಒತ್ತಿ ನಡೆಯುವಾಗ ಒಡೆದು ಚುಚ್ಚುತ್ತವೆ. ಕಾಲುಂಗುರ ತೆಗೆದು ಗಂಟು ಹಾಕಿಕೊಳ್ಳಿ. ತಲೆಗೆ ಹೂವು ಬೇಡ, ವಾಸನೆ ಎಣ್ಣೆ ಬೇಡ, ಹೆಜ್ಜೇನು ಇದೆ. ತಿರುವು ದಾಟಿ ಎಂಟು ಹೆಜ್ಜೆಗೆ ಅತ್ತಿಯ ಬೇರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆ, ಎಲೆ ಹಿಡಿದು ಕಾದರೆ ಒಬ್ಬರ ಬಾಯಾರಿಕೆ ತೀರುತ್ತದೆ. ಅದರ ಪಕ್ಕದಲ್ಲಿ ಗಾಳಿ ತಾಗದ ಒಂದು ಗೂಡಿದೆ. ಮಗುವಿಗೆ ಹಾಲು ಕೊಡುವವರಿದ್ದರೆ ಅಲ್ಲಿ ಕೂರಬಹುದು.

ಬಲಗಡೆಯ ಕಣಿವೆ ನೋಡಬೇಡಿ. ಮುಂದಿರುವವರ ಹಿಮ್ಮಡಿ ನೋಡಿ.

ಹೆಂಗಸರು ನಡೆದದ್ದುಂಟು.

ಧೋಂಡಿಬಾ


ಪುಣೆ,
12 ಡಿಸೆಂಬರ್ 1977

ಧೋಂಡಿಬಾ ದಾದಾ,

ದಾದಾ ಎಂದು ಕರೆದರೆ ಬೇಸರವಿಲ್ಲ ತಾನೇ? ನಿಮ್ಮ ಕಾಗದವನ್ನು ನಮ್ಮ ವಿಶ್ರಾಂತಿ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಳೆಗೆ ಬಟ್ಟೆ ಸುತ್ತುವ ಮಾತು ಬಂದಾಗ ಹನ್ನೊಂದು ಜನವೂ ತಮ್ಮ ತಮ್ಮ ಕೈ ನೋಡಿಕೊಂಡರು. ನಮ್ಮ ಡಲ್ಸಿ ರೊಡ್ರಿಗ್ಸ್ ಹೇಳಿದಳು: "ಹದ್ನಾಲ್ಕು ವರ್ಷ ಸಂಸಾರ ಮಾಡಿದ್ದೀನಿ, ನಮ್ಮೆಜಮಾನ್ರಿಗೆ ನಾನು ಬಳೆ ಹಾಕ್ತೀನಾ ಇಲ್ವಾ ಅಂತಾನೇ ಗೊತ್ತಿಲ್ಲ." ಇಂಥ ಕಣ್ಣಿರುವ ಗಂಡಸನ್ನು ನಾನು ನೋಡಿಲ್ಲ. ಬೆಟ್ಟ ತಿಳಿದವರು ಬಹಳ ಜನ ಇದ್ದಾರೆ, ಬೆಟ್ಟದಲ್ಲಿ ಇನ್ನೊಬ್ಬರ ಕಷ್ಟ ತಿಳಿಯುವವರು ಕಡಿಮೆ. ನಿಮ್ಮ ಮೇಲೆ ನನಗೆ ತುಂಬ ಗೌರವ ಬಂದಿದೆ.

ಶುಭ ಸುದ್ದಿ ಎಂದರೆ ಮಂಡಳ ಒಪ್ಪಿದೆ. ಜನವರಿ 18, ಬುಧವಾರ. ಒಂದೇ ಷರತ್ತು: ದಾರಿ ಬಲ್ಲ ಗಂಡಸು ಒಬ್ಬರು ಆರಂಭದಿಂದ ಕೊನೆಯವರೆಗೆ ಜೊತೆಗಿರಬೇಕು. ನಾನು ಅಲ್ಲೇ ಕಾಗದ ತೆಗೆದು ನಿಮ್ಮ ಹೆಸರು ಬರೆದು ಕೊಟ್ಟೆ. ಹೇಗೂ ಬುಧವಾರ ನಿಮ್ಮ ಟಪಾಲಿನ ದಿನ. ಮಂಡಳದ ಪತ್ರಿಕೆಗೆ ನಿಮ್ಮ ಬಗ್ಗೆ ಒಂದು ಲೇಖನವನ್ನೂ ಬರೆಯುತ್ತಿದ್ದೇನೆ.

ಪ್ರಮೋದಿನಿ


ದೇವದರಾ,
21 ಡಿಸೆಂಬರ್ 1977

ಬಾಯಿಸಾಹೇಬರಿಗೆ ರಾಮರಾಮ.

ನನ್ನ ಮೊಣಕಾಲು ಸರಿಯಿಲ್ಲ. ಎಮ್ಮೆ ಆ ವಾರವೇ ಈಯುವುದಿದೆ. ಹೆಜ್ಜೇನು ಈ ವರ್ಷ ಜಾಸ್ತಿ ಕೂತಿದೆ. ನನ್ನ ಬದಲು ನಮ್ಮ ಮನೆಯಿಂದ ಬೇರೆ ಯಾರಾದರೂ ಬರುತ್ತಾರೆ, ಅವರಿಗೆ ದಾರಿ ಚೆನ್ನಾಗಿ ಗೊತ್ತು. ಲೇಖನ ಅಚ್ಚು ಮಾಡಿಸಬೇಡಿ. ಕೈ ಮುಗಿದು ಕೇಳುತ್ತೇನೆ.

ಧೋಂಡಿಬಾ


ಪುಣೆ,
28 ಡಿಸೆಂಬರ್ 1977

ಶ್ರೀ ಧೋಂಡಿಬಾ ಮರಗಳೆ ಅವರಿಗೆ,

ಮೊಣಕಾಲು ಸರಿಯಿಲ್ಲದವರು ವಾರಕ್ಕೆರಡು ಸಲ ಚೀಲ ಹೊರುವುದಿಲ್ಲ. ಕದಮ್ ಗುರೂಜಿಗೆ ಕಾರ್ಡು ಹಾಕಿ ಕೇಳಿದೆ, ಟಪಾಲು ಒಂದು ದಿನವೂ ತಪ್ಪಿಲ್ಲವಂತೆ. ಹಾಗಾದರೆ ಕಾರಣ ಬೇರೆ. ಹೆಂಗಸೊಬ್ಬಳು ಮುಂದಾಳಾಗಿ, ನೀವು ಜೊತೆಗಾರರಾಗಿ ನಡೆಯುವುದು ಮರ್ಯಾದೆಗೆ ಕಡಿಮೆ ಅನಿಸಿತೇ? ನೇರವಾಗಿ ಹೇಳಿಬಿಡಿ. ಬರ್ವೆಯವರು ಕನಿಷ್ಠ ನನ್ನ ಮುಖ ನೋಡಿ ಹೇಳಿದ್ದರು.

ನೀವು ಬರದಿದ್ದರೆ ಒಪ್ಪಿಗೆ ರದ್ದಾಗುತ್ತದೆ. ಆ ಬಳೆಯ ಮಾತು ಬರೆದ ಕೈಯೇ ಈ ಎಮ್ಮೆಯ ನೆಪ ಬರೆದದ್ದು ಎಂದು ನಂಬಲು ನನಗೆ ಕಷ್ಟವಾಗುತ್ತಿದೆ.

ಪ್ರ. ಪಾಟಣಕರ


ದೇವದರಾ,
6 ಜನವರಿ 1978

ಬಾಯಿಸಾಹೇಬರಿಗೆ,

ಕೈ ಒಂದೇ. ಮಾತು ಬೇರೆಯವರದು.

ಓದಿದ ಮೇಲೆ ಈ ಕಾಗದ ಒಲೆಗೆ ಹಾಕಿ. ಬೇರೆಯವರ ಕೈಗೆ ಸಿಕ್ಕರೆ ನನ್ನ ಚೀಲ ಹೋಗುತ್ತದೆ. ಕಾತಳಭಿಂತದ ಮೇಲೆ ನಾನು ನಡೆಯುವುದಿಲ್ಲ. ನಡೆಯುವವಳು ನನ್ನ ಹೆಂಡತಿ ಠಕೂಬಾಯಿ. ಒಂಬತ್ತು ವರ್ಷದಿಂದ.

ಅಪ್ಪ ತೀರಿಕೊಂಡ ಮೇಲೆ ಚೀಲ ನನಗೆ ಬಂತು. ಊರಲ್ಲೆಲ್ಲ ಎದೆಯುಬ್ಬಿಸಿ ತಿರುಗಿದ್ದೆ. ಮೂರನೆಯ ಸಲ ಹೊರಟು ಮೂರನೆಯ ತಿರುವಿಗೆ ಹೋದಾಗ ಕಣಿವೆ ಸುತ್ತತೊಡಗಿತು. ಬಂಡೆ ತಬ್ಬಿಕೊಂಡು ಕೂತೆ. ಮಧ್ಯಾಹ್ನ ಕೂತವನು ಹೊತ್ತು ಇಳಿಯುವವರೆಗೆ ಕೂತೆ. ಹಟ್ಟಿಯವರು ಹೇಳಿ ಇವಳು ಹುಡುಕಿಕೊಂಡು ಬಂದಳು. ನಗಲಿಲ್ಲ, ಬೈಯಲಿಲ್ಲ. "ಕಣ್ ಮುಚ್ಚಕೊಳ್ರಿ, ಕೈ ನನ್ನ ಹಿಮ್ಮಡ ಮ್ಯಾಗ ಇಡ್ರಿ" ಅಂದಳು. ಹಾಗೆ ಮಗುವಿನಂತೆ ಅಂಬೆಗಾಲಿಟ್ಟು ಖಿಂಡಿಗೆ ಬಂದೆ. ಅಲ್ಲಿ ನನ್ನ ಹೆಗಲಿನಿಂದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, "ಗುರೂಜಿ ದಾರಿ ಕಾಯ್ತಿರ್ತಾರ" ಎಂದು ಒಬ್ಬಳೇ ತಿರುಗಿ ಹೋದಳು.

ಅವತ್ತಿನಿಂದ ಖಿಂಡಿಯವರೆಗೆ ನಾನು, ಅಲ್ಲಿಂದ ಅವಳು. ಬುಧವಾರ ಕೊಡುತ್ತೇನೆ, ಗುರುವಾರ ಅಲ್ಲೇ ಕಾದು ತೆಗೆದುಕೊಳ್ಳುತ್ತೇನೆ. ಶನಿವಾರ, ಸೋಮವಾರವೂ ಹಾಗೆಯೇ. ಮಗಳು ಹುಟ್ಟಿದಾಗ ಅವಳನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗಿದ್ದಾಳೆ. ಆ ಗೂಡು ಅವಳು ಕೂತ ಗೂಡು. ಊರಿಗೆಲ್ಲ ಗೊತ್ತು, ಗುರೂಜಿಗೂ ಗೊತ್ತು, ಸರ್ಕಾರಕ್ಕೆ ಮಾತ್ರ ಗೊತ್ತಿಲ್ಲ. ನಿಮಗೆ ಬರೆದದ್ದೆಲ್ಲ ಒಲೆಯ ಮುಂದೆ ಕೂತು ಅವಳು ಹೇಳಿದ್ದು, ನಾನು ಬರೆದದ್ದು. ಹೊಗಳಿಕೆ ನನ್ನ ಹೆಸರಿಗೆ ಬಂತು. ಓದಿ ಹೇಳಿದಾಗ ಅವಳು ನಕ್ಕು ರೊಟ್ಟಿ ತಟ್ಟಿದಳು, ನನಗೆ ಆ ರೊಟ್ಟಿ ಇಳಿಯಲಿಲ್ಲ.

ನಿಮ್ಮನ್ನು ಅವಳು ದಾಟಿಸುತ್ತಾಳೆ. ಅವಳಿಗಿಂತ ಬಲ್ಲವರಿಲ್ಲ. ಆದರೆ ನಿಮ್ಮ ಮಂಡಳಕ್ಕೆ ಗಂಡಸು ಬೇಕು. ಇದ್ದ ಗಂಡಸು ಇಂಥವನು.

ಧೋಂಡಿಬಾ


ಪುಣೆ,
11 ಜನವರಿ 1978

ಧೋಂಡಿಬಾ ದಾದಾ,

ಕಾಗದ ಒಲೆಗೆ ಹಾಕಿದೆ. ಲೇಖನವನ್ನೂ ಅದರ ಜೊತೆಗೇ ಹಾಕಿದೆ. ಹಿಂದಿನ ಕಾಗದದ ಮಾತುಗಳಿಗೆ ಕ್ಷಮೆ ಕೇಳುತ್ತೇನೆ, ನನ್ನ ಕಿವಿಯ ಬಗ್ಗೆ ಜಂಬ ಕೊಚ್ಚಿಕೊಂಡವಳು ಮುಖ್ಯವಾದದ್ದನ್ನೇ ಕೇಳಿಸಿಕೊಳ್ಳಲಿಲ್ಲ.

ನಾವು ಬರುತ್ತೇವೆ. ಮಂಡಳಕ್ಕೆ ಈಗ ಏನೂ ಹೇಳುವುದಿಲ್ಲ, ಹೇಳಿದರೆ ತಡೆಯುತ್ತಾರೆ. ವಾಪಸ್ಸು ಬಂದು, ಗಂಡಸು ಜೊತೆಗಿರಲಿಲ್ಲ ಎಂದು ನಾನೇ ಹೇಳುತ್ತೇನೆ. ಬಸ್ಸು ಹಿಡಿದು ಬಂದಿದ್ದರೆ ಅವರ ಬಾಯಿ ಮುಚ್ಚುತ್ತದೆ. ಬಸ್ಸು ತಪ್ಪಿದರೆ ಈ ಜನ್ಮದಲ್ಲಿ ಇನ್ನೊಬ್ಬ ಹೆಂಗಸಿಗೆ ಚಾರಣ ಕೊಡುವುದಿಲ್ಲ.

ಠಕೂಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಬಳೆ, ಕಾಲುಂಗುರ, ಎಣ್ಣೆ ಎಲ್ಲ ಅವರು ಹೇಳಿದ ಹಾಗೆಯೇ.

ಪ್ರಮೋದಿನಿ


ಪುಣೆ,
20 ಜನವರಿ 1978

ಧೋಂಡಿಬಾ ದಾದಾ,

ಬಸ್ಸಿನ ಹತ್ತಿರ ನಿಮ್ಮೊಡನೆ ನಾಲ್ಕು ಮಾತಾಡಲೂ ಆಗಲಿಲ್ಲ. ಆರೂ ಇಪ್ಪತ್ತಕ್ಕೆ ನಾವು ಇಳಿದು ಬಂದಾಗ ಐದೂಮುಕ್ಕಾಲರ ಬಸ್ಸು ನಿಂತೇ ಇತ್ತು, ನೀವು ಅದರ ಮೆಟ್ಟಿಲ ಮೇಲೆ ಕೂತು ಮೇಣದಬತ್ತಿಯಲ್ಲಿ ಅರಗು ಕಾಯಿಸುತ್ತಿದ್ದಿರಿ. ಮೊಣಕಾಲು ಕೆಟ್ಟಿದೆ, ಎಮ್ಮೆ ಈಯುತ್ತದೆ ಎಂದವರು ಕಣಿವೆ ಸುತ್ತಿ ಒಂದೂವರೆ ದಿನ ನಡೆದು ಅಲ್ಲಿಗೆ ಬಂದಿದ್ದಿರಿ. ಅದು ಹೇಗೆ ಎಂದು ನೀವೇ ಬರೆಯಬೇಕು. ಬೆಟ್ಟದ ಮೇಲೆ ಏನಾಯಿತೆಂದು ನಾನು ಬರೆಯುತ್ತೇನೆ, ಏಕೆಂದರೆ ಠಕೂಬಾಯಿ ನಿಮಗೆ ಹೇಳುವುದಿಲ್ಲ, ಮತ್ತು ನೀವು ಒಂಬತ್ತು ವರ್ಷದಿಂದ ಅದನ್ನು ನೋಡಿಲ್ಲ.

ಖಿಂಡಿಗೆ ಒಂಬತ್ತೂ ಇಪ್ಪತ್ತಕ್ಕೆ ತಲುಪಿದೆವು, ನೀವು ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲು. ಠಕೂಬಾಯಿ ನಮ್ಮ ಬಳೆಗಳನ್ನೆಲ್ಲ ಒಬ್ಬೊಬ್ಬರದಾಗಿ ಮುಟ್ಟಿ ನೋಡಿದರು. ಒಬ್ಬಳು ಕದ್ದು ಮಲ್ಲಿಗೆ ಮುಡಿದಿದ್ದಳು, ಅದನ್ನು ಕಿತ್ತು ವಾಘಜಾಯಿಗೆ ಅಂತ ಕಲ್ಲಿನ ಮೇಲಿಟ್ಟರು. ಆಮೇಲೆ ಭಿಂತದ ಮೇಲೆ ಕಾಲಿಟ್ಟರು. ದಾದಾ, ಅವರು ಅಲ್ಲಿ ನಡೆಯುವುದು ನಾವು ಅಡುಗೆ ಮನೆಯಲ್ಲಿ ಓಡಾಡಿದ ಹಾಗೆ. ಕಾಲು ನೋಡುವುದಿಲ್ಲ. ನಮ್ಮ ಕಡೆ ತಿರುಗಿ, ಹಿಂದಕ್ಕೆ ಹೆಜ್ಜೆ ಇಡುತ್ತಲೇ ಮಾತಾಡುತ್ತಾರೆ.

ಮೂರನೆಯ ತಿರುವಿನಲ್ಲಿ ಡಲ್ಸಿ ಕೂತುಬಿಟ್ಟಳು. ಬಂಡೆ ತಬ್ಬಿ ಕಣ್ಣು ಮುಚ್ಚಿಕೊಂಡಳು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ನಾನು ನಾಯಕಿಯಲ್ಲವೇ, ಬುದ್ಧಿ ಹೇಳಿದೆ, ಗದರಿದೆ, ಗಡಿಯಾರ ತೋರಿಸಿದೆ. ಅವಳು ಅಳತೊಡಗಿದಳು. ಠಕೂಬಾಯಿ ನನ್ನನ್ನು ಮೆಲ್ಲನೆ ಸರಿಸಿ ಅವಳ ಪಕ್ಕ ಕೂತು, ಕಾಲು ಕಣಿವೆಗೆ ಇಳಿಬಿಟ್ಟು, ಎಲೆಅಡಿಕೆ ಬಿಚ್ಚಿದರು.

"ಅವಸರ ಇಲ್ರಿ ಬಾಯಿ. ಚಲೋ ಜಾಗ ಐತಿ, ನಮ್ಮನಿಯವರೂ ಇಲ್ಲೇ ಕುಂತಿದ್ರು. ನಿಮ್ಮ ಫೋನಿನ್ಯಾಗ ಗಂಡಂದ್ರು ಹೆಂಡ್ರ ಜೋಡಿ ಏನ್ ಮಾತಾಡ್ತಾರ?"

ಡಲ್ಸಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಏನಿಲ್ಲ. ಹಲೋ, ಕೇಳಿಸ್ತಾ ಇದ್ಯಾ, ಹಲೋ ಅಂತಾರೆ. ಅಷ್ಟರಲ್ಲಿ ಮೂರು ನಿಮಿಷ ಮುಗಿಯುತ್ತೆ."

ಠಕೂಬಾಯಿ ನಕ್ಕ ನಗು ಕಣಿವೆಗೆ ಹೋಗಿ ವಾಪಸ್ಸು ಬಂತು. ಡಲ್ಸಿಯೂ ನಕ್ಕಳು. ಆಮೇಲೆ ಠಕೂಬಾಯಿ ಅವಳ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು, ಒಂದು ಎತ್ತಿ ಇಟ್ಟು, ಇನ್ನೊಂದು ಎತ್ತಿ ಇಟ್ಟು, ತಾವು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಅತ್ತಿಯ ಬೇರಿನವರೆಗೆ ಕರೆದೊಯ್ದರು. ಒಂದು ತಾಸು ಹತ್ತು ನಿಮಿಷ ಹೋಯಿತು. ಬಸ್ಸು ತಪ್ಪಿತೆಂದು ನನಗೆ ಆಗಲೇ ಗೊತ್ತಾಯಿತು. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಬೇಸರವಾಗಲಿಲ್ಲ. ಆ ಕೈಗಳನ್ನೇ ನೋಡುತ್ತಿದ್ದೆ.

ನೀವು ಹೆದರುತ್ತೀರೆಂದು ಹುಡುಗಿಯೊಬ್ಬಳು ಮೆಲ್ಲಗೆ ಕೀಟಲೆ ಮಾಡಿದಳು. ಠಕೂಬಾಯಿ ಅವಳನ್ನೊಮ್ಮೆ ನೋಡಿದರು. "ಅವರು ಖಿಂಡ್ಯಾಗ ಕುಂತು ನಾ ಬರೋತನ ಒಂದ್ ತುತ್ತು ಬಾಯಾಗ ಹಾಕಂಗಿಲ್ಲ. ಒಂಬತ್ತ ವರ್ಷ ಆತು. ನಿನ್ನ ಗಂಡ ಒಂದ್ ದಿನ ಕುಂದರಲಿ, ಆಮ್ಯಾಗ ನಗು."

ಭಿಂತ ದಾಟಿದ ಮೇಲೆ ನಮ್ಮವರು ಬಿಡಲಿಲ್ಲ, ಗಂಡನ ಹೆಸರು ಒಡಪು ಕಟ್ಟಿ ಹೇಳಲೇಬೇಕೆಂದರು. ಸೆರಗು ತಲೆಗೆ ಎಳೆದುಕೊಂಡು ಹೇಳಿದರು:

"ಆಚಿ ಕಣಿವಿ ಈಚಿ ಕಣಿವಿ, ನಡುವ ನನ್ನ ದಾರಿ,
ಧೋಂಡಿಬಾರ ಟಪಾಲ ಚೀಲ ನನ್ನ ಹೆಗಲ ಸವಾರಿ."

ಗಾಬರಿಯಾಗಬೇಡಿ. ಇಡೀ ದಿನ ಊರಿನ ಗುಟ್ಟು ಕೇಳಿಸಿಕೊಂಡು ಬಾಯಿ ಹೊಲಿದುಕೊಂಡಿರುವುದೇ ನಮ್ಮ ಹನ್ನೆರಡು ಜನರ ನೌಕರಿ.

ಪ್ರಮೋದಿನಿ


ದೇವದರಾ,
29 ಜನವರಿ 1978

ಪ್ರಮೋದಿನಿ ಅಕ್ಕನಿಗೆ ರಾಮರಾಮ.

ಕಾಗದವನ್ನು ನಾಲ್ಕು ಸಲ ಓದಿದೆ. ಹಿಂದಕ್ಕೆ ಹೆಜ್ಜೆ ಇಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಕೇಳಿದರೆ "ಮತ್ತ ಹ್ಯಾಂಗ ನಡೀತಾರ?" ಅಂತಾಳೆ.

ನನ್ನ ಕತೆ ಇಷ್ಟೇ. ಮನೆಯಲ್ಲಿ ಕೂರಲು ಆಗಲಿಲ್ಲ. ಮೇಲೆ ನಡೆಯಲು ಆಗದಿದ್ದರೆ ಕೆಳಗಾದರೂ ನಡೆಯೋಣವೆಂದು ಮಂಗಳವಾರ ಬೆಳಿಗ್ಗೆ ಚೀಲ ಹೊತ್ತು ಕಣಿವೆ ದಾರಿಗೆ ಇಳಿದೆ. ಬುಧವಾರ ಹೊಳೆಯ ತಿರುವಿನಲ್ಲಿ ಮೇಲೆ ನೋಡಿದೆ. ಕಾತಳಭಿಂತದ ಮೇಲೆ ಚುಕ್ಕೆಗಳು. ಎಣಿಸಿದೆ, ಹದಿಮೂರು. ನಡೆಯುತ್ತಿದ್ದವು. ಮೂರನೆಯ ತಿರುವಿನಲ್ಲಿ ಒಂದು ನಿಂತಿತು. ನಾನೂ ನೀರಿನಲ್ಲೇ ಕೂತೆ. ಆ ಚುಕ್ಕೆಗೆ ಹೇಗಾಗುತ್ತಿದೆ ಎಂದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು. ಅದು ಮತ್ತೆ ಸರಿಯುವವರೆಗೆ ನಾನೂ ಏಳಲಿಲ್ಲ. ಒಂದು ತಾಸಿನ ಮೇಲಾಯಿತು. ಬಸ್ಸಿಗೆ ತಡವಾಗುತ್ತದೆ ಎಂದು ಆಗಲೇ ತಿಳಿಯಿತು, ಓಡಿದೆ.

ಉಂಬರವಾಡಿಯಲ್ಲಿ ಗುರೂಜಿ ಚೀಲಕ್ಕೆ ಮೊಹರು ಹಾಕಲು ಹೊರಟರು. ನಾನು ಹಾಕುತ್ತೇನೆ ಎಂದೆ. ಮೊಹರಾಗದೆ ಚೀಲ ಹತ್ತುವುದಿಲ್ಲ, ಚೀಲ ಹತ್ತದೆ ಬಸ್ಸು ಹೊರಡುವುದಿಲ್ಲ. ಅರಗು ಕಾಯಿಸಿದೆ, ಗಾಳಿ ಬಂದು ಬತ್ತಿ ಆರಿತು. ಕಡ್ಡಿ ಕೇಳಿದೆ. ಮೊಹರು ತಲೆಕೆಳಗಾಯಿತು, ಕೆರೆದು ತೆಗೆದೆ. ಠಸ್ಸೆಯಲ್ಲಿ ತಾರೀಖು ನಿನ್ನೆಯದಿದೆ ಎಂದೆ. ಗುರೂಜಿಗೆ ಅರ್ಥವಾಯಿತು, ಕನ್ನಡಕ ಮನೆಯಲ್ಲಿದೆ ಎಂದು ತರಲು ಹೋದರು, ಅದು ಅವರ ಹಣೆಯ ಮೇಲೇ ಇತ್ತು. ಕಂಡಕ್ಟರು ಕೂಗಾಡಿದ: "ಏನ್ ಧೋಂಡಿಬಾ, ಅರಗು ಕಾಯಿಸ್ತಿದ್ದೀಯೋ, ಪಾಯಸ ಕಾಯಿಸ್ತಿದ್ದೀಯೋ?" ಕೋಳಿ ಹಿಡಿದುಕೊಂಡ ಅಜ್ಜಿಯೊಬ್ಬಳು ನನ್ನ ವಂಶವನ್ನೆಲ್ಲ ಬೈದಳು. ಹದಿನೈದು ನಿಮಿಷಕ್ಕೆ ನನ್ನ ಹತ್ತಿರ ನೆಪಗಳು ಮುಗಿದವು.

ಆಗ ಆ ಅಜ್ಜಿಯೇ ಕಿಟಕಿಯಿಂದ ಬೆಟ್ಟ ನೋಡಿ, "ಅವ್ವಾ, ಅವರು ಯಾರು?" ಅಂದಳು. ಎಲ್ಲರೂ ಕತ್ತು ಹೊರಗೆ ಹಾಕಿದರು. ಬಿಸಿಲು ಇಳಿದಿತ್ತು, ಕೊನೆಯ ಇಳಿಜಾರಿನಲ್ಲಿ ಹೆಂಗಸರು ಸಾಲಾಗಿ ಬರುತ್ತಿದ್ದರು, ಮುಂದೆ ನನ್ನವಳು. "ಕಾತಳಭಿಂತದಿಂದ ಬರ್ತಿದ್ದಾರೆ" ಅಂದೆ. ಡ್ರೈವರು ತಾನೇ ಇಂಜಿನ್ ಬಂದ್ ಮಾಡಿದ. ನೀವು ಬಂದಾಗ ನಾನು ಕಾಯಿಸುತ್ತಿದ್ದದ್ದು ಸುಮ್ಮನೆ, ಮೊಹರು ಆಗಲೇ ಬಿದ್ದಿತ್ತು.

ಅಕ್ಕಾ, ಒಂಬತ್ತು ವರ್ಷ ಅವಳ ಮುಂದೆ ತಲೆ ತಗ್ಗಿಸಿ ಬದುಕಿದೆ, ಅವಳಿಗೆ ಅದು ಗೊತ್ತೇ ಇಲ್ಲ. ಅವತ್ತು ಕೆಳಗಿನಿಂದ ನೋಡಿದಾಗ ನಾಚಿಕೆಯಾಗಲಿಲ್ಲ. ಹೆಮ್ಮೆಯಾಯಿತು.

ಧೋಂಡಿಬಾ


ಪುಣೆ,
8 ಫೆಬ್ರವರಿ 1978

ಧೋಂಡಿಬಾ ದಾದಾ,

ನಿನ್ನೆ ಮಂಡಳದ ಸಭೆಯಾಯಿತು. ಗಂಡಸು ಜೊತೆಗಿರಲಿಲ್ಲ ಎಂದು ಹೇಳಿದೆ. ಬರ್ವೆ ಕಾಗದ ತೆಗೆದರು: "ನೀವೇ ಬರೆದುಕೊಟ್ಟಿದ್ರಲ್ಲ ಬಾಯಿ?"

"ಹೌದು, ತಪ್ಪು ಬರೆದಿದ್ದೆ. ದಾರಿ ಗೊತ್ತಿರೋರು ಬೇಕಾಗಿತ್ತು. ಬಂದ್ರು."

ಅವರು ಬೆರಳು ಮಡಿಸಿ ಎಣಿಸಿದರು. ಹನ್ನೆರಡು ಜನ, ಒಂದು ಹಗಲು, ಕೊನೆಯ ಬಸ್ಸು. ಬರ್ವೆ ದಫ್ತರ ನನ್ನ ಮುಂದೆ ಸರಿಸಿ ಲೇಖನಿಯ ಮುಚ್ಚಳ ತಾವೇ ತೆಗೆದು ಕೊಟ್ಟರು. 'ನಾಯಕ' ಎಂಬ ಅಂಕಣ ಖಾಲಿಯಿತ್ತು.

ಹದಿನಾರು ವರ್ಷದಿಂದ ಆ ಅಂಕಣದಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆ ಎಂದು ಯೋಚಿಸಿದ್ದೆ. ಬರೆಯಲು ಹೋದರೆ ಆ ಕೈಗಳು ಕಣ್ಣ ಮುಂದೆ ಬಂದವು. ಡಲ್ಸಿಯನ್ನು ಗದರಿದವಳು ನಾನು. ದಾಟಿಸಿದವಳು ನಾನಲ್ಲ. ಹೀಗೆ ಬರೆದೆ: ನಾಯಕಿ, ಠಕೂಬಾಯಿ ಧೋಂಡಿಬಾ ಮರಗಳೆ, ದೇವದರಾ. ಕಾತಳಭಿಂತ ಸಹಿತ ವಾಘಜಾಯಿ ಏಣು ಪೂರ್ತಿ, ಹಗಲಿನಲ್ಲಿ, ಹನ್ನೆರಡು ಜನರನ್ನು ಸುರಕ್ಷಿತವಾಗಿ ದಾಟಿಸಿದ್ದಾರೆ. ಟಪಾಲಿನ ಮಾತು ಎತ್ತಿಲ್ಲ.

"ಹಾಗಾದ್ರೆ ನಿಮ್ಮ ಹೆಸರು ಪಟ್ಟಿಗೆ ಬರಲ್ಲ, ಗೊತ್ತಲ್ಲ?" ಎಂದರು ಬರ್ವೆ.

ಗೊತ್ತು ಎಂದೆ. ಮನೆಗೆ ಬಂದು ಅತ್ತೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಬರೆದದ್ದನ್ನು ಅಳಿಸಬೇಕು ಅಂತ ಒಂದು ಸಲವೂ ಅನಿಸಲಿಲ್ಲ. ಆ ಪುಟದ ನಕಲನ್ನು ಮಂಡಳದ ಮೊಹರು ಹಾಕಿಸಿ ಇದರೊಂದಿಗೆ ಕಳಿಸಿದ್ದೇನೆ. ಅವರಿಗೆ ಕೊಡಿ.

ಪ್ರಮೋದಿನಿ


ದೇವದರಾ,
3 ಏಪ್ರಿಲ್ 1978

ಪ್ರಮೋದಿನಿ ಅಕ್ಕನಿಗೆ ರಾಮರಾಮ.

ಬರೆಯಲು ತಡವಾಯಿತು. ಕೆಲಸ ಮುಗಿಯದೆ ಹೇಳಬಾರದು ಎಂದುಕೊಂಡಿದ್ದೆ, ಈಗ ಮುಗಿಯಿತು.

ನೀವು ಕಳಿಸಿದ ಕಾಗದವನ್ನು ಓದಿ ಹೇಳಿದಾಗ ಠಕೂ ಅದನ್ನು ತನ್ನ ಕೈಗೆ ತೆಗೆದುಕೊಂಡಳು. ಮೂರನೆಯ ಇಯತ್ತೆ ಕಲಿತಿದ್ದಾಳೆ, ತನ್ನ ಹೆಸರಿನ ಮೇಲೆ ಬೆರಳಿಟ್ಟು ತಾನೇ ಓದಿದಳು. ಒಂಬತ್ತು ವರ್ಷ ಊರವರ ಹೆಸರೆಲ್ಲ ಓದಿ ಮುಟ್ಟಿಸಿದವಳಿಗೆ ತನ್ನ ಹೆಸರಿಗೆ ಬಂದ ಟಪಾಲು ಅದೇ ಮೊದಲು.

ಅವತ್ತೇ ನಾನು ಅರ್ಜಿ ಬರೆದೆ. ಮೊಣಕಾಲು ನೋವಿನ ಕಾರಣ ಚೀಲ ಬಿಡುತ್ತಿದ್ದೇನೆ, ನನ್ನ ಜಾಗಕ್ಕೆ ನನ್ನ ಹೆಂಡತಿಯನ್ನು ತೆಗೆದುಕೊಳ್ಳಬೇಕು. ಫಾರ್ಮಿನಲ್ಲಿ ಒಂದು ಪ್ರಶ್ನೆಯಿತ್ತು: ದಾರಿಯ ಪರಿಚಯಕ್ಕೆ ಪುರಾವೆ ಏನು? ನಿಮ್ಮ ಮೊಹರಿನ ಕಾಗದ ಲಗತ್ತಿಸಿದೆ. ಅದನ್ನು ಬಿಟ್ಟರೆ ಬೇರೆ ಯಾವ ಪುರಾವೆಯನ್ನೂ ನಾವು ತೋರಿಸುವ ಹಾಗಿರಲಿಲ್ಲ.

ಶನಿವಾರ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಖಿಂಡಿಯವರೆಗೆ ಏದುಸಿರು ಬಿಡುತ್ತ ಹತ್ತಿದರು, ಕಾತಳಭಿಂತ ನೋಡಿ ಅಲ್ಲೇ ಕೂತರು. ನೀರು ಕೊಟ್ಟೆ. ನನಗೆ ಅವರ ಮೇಲೆ ಪ್ರೀತಿ ಬಂತು. ಆಮೇಲೆ ಕಾಗದ ಬಿಡಿಸಿ, ಠಕೂವನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಏನಮ್ಮ, ಈ ದಾರೀಲಿ ನಿಜವಾಗ್ಲೂ ನಡೆದಿದ್ದೀಯಾ?"

ಇವಳು ಸೆರಗು ಸರಿಮಾಡಿಕೊಂಡು, ತಲೆ ಬಗ್ಗಿಸಿ, ಬಹಳ ವಿನಯದಿಂದ ಹೇಳಿದಳು: "ಒಂದ್ ಸಲ ಹೋಗೇನ್ರಿ ಸಾಹೇಬ್ರ. ಪುಣೆ ಬಾಯಾರ ಜೋಡಿ."

ಧೋಂಡಿಬಾ